ತನ್ನನ್ನೇ ಆಡಿಕೊಂಡ ಕಂಪನಿ

ಇವತ್ತು ಟೀ ಕುಡಿಯುವಾಗ ಆಫೀಸಿನ ಇಬ್ಬರು ಹುಡುಗರು ಜಗಳಕ್ಕೇ ಬಿದ್ದರು. ಜಪಾನಿನ ವಿಡಿಯೋ ಗೇಮ್ ಕಂಪನಿ ಸೆಗಾ ಸೋತಿದ್ದು ಮಾರ್ಕೆಟಿಂಗ್‌ನಿಂದಲೋ, ಸೋನಿಯ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಪ್ಲೇಸ್ಟೇಷನ್ 2ರಿಂದಲೋ ಅಂತ.

ನನಗೆ ನೆನಪಾಗಿದ್ದು 1998ರ ಒಂದು ಜಪಾನಿ ಜಾಹೀರಾತು. ಸೆಗಾದ ಹೊಸ ಕನ್ಸೋಲ್ ಡ್ರೀಮ್‌ಕಾಸ್ಟ್ ಬರುವ ಹೊತ್ತಿಗೆ ಮಾಡಿದ್ದು. ಚಿಕ್ಕ ಹುಡುಗರು ಮಾತಾಡಿಕೊಳ್ಳುತ್ತಾರೆ, 'ಸೆಗಾ ಬೇಡಪ್ಪ, ಪ್ಲೇಸ್ಟೇಷನ್ನೇ ಮಜಾ' ಅಂತ. ಅದು ಯಾರ ಕಿವಿಗೆ ಬೀಳುತ್ತದೆ ಗೊತ್ತಾ? ಸೆಗಾದ ಹಿರಿಯ ಅಧಿಕಾರಿ ಯುಕಾವಾ ಅವರ ಕಿವಿಗೆ. ನಟ ಅಲ್ಲ, ನಿಜವಾದ ಯುಕಾವಾ! ಪಾಪ, ಮುಖ ಸಪ್ಪೆಯಾಗುತ್ತದೆ.

ದುಡ್ಡು ಕೊಟ್ಟು ಟಿವಿಯಲ್ಲಿ ತಮ್ಮ ಮರ್ಯಾದೆ ತಾವೇ ಕಳೆದುಕೊಳ್ಳೋದು. ಯಾರಿಗಿದೆ ಈ ಧೈರ್ಯ?

ಅಮೆರಿಕದಲ್ಲೂ ಸದ್ದು ಕಮ್ಮಿ ಇರಲಿಲ್ಲ. ಡ್ರೀಮ್‌ಕಾಸ್ಟ್ ಅಲ್ಲಿ ಬಂದಿದ್ದು 1999ರ ಸೆಪ್ಟೆಂಬರ್ 9ಕ್ಕೆ, ಬೆಲೆ 199 ಡಾಲರ್. ಜನ ಮುಗಿಬಿದ್ದರು.

ಆದರೆ ಮರುವರ್ಷ ಬಂದ ಪ್ಲೇಸ್ಟೇಷನ್ 2 ಡಿವಿಡಿ ಸಿನಿಮಾನೂ ಓಡಿಸುತ್ತಿತ್ತು. ಅಪ್ಪ ಅಮ್ಮನನ್ನು ಒಪ್ಪಿಸೋಕೆ ಅಷ್ಟು ಸಾಕು, ಅಲ್ವಾ?

ನನ್ನ ಪ್ರಕಾರ ಪೆಟ್ಟು ಬಿದ್ದಿದ್ದು ಇನ್ನೂ ಮೊದಲು. 1995ರ ಮೇನಲ್ಲಿ ಅಮೆರಿಕದಲ್ಲಿ ಸೆಗಾ ಏಕಾಏಕಿ, 'ನಮ್ಮ ಕನ್ಸೋಲ್ ಸ್ಯಾಟರ್ನ್ ಇವತ್ತೇ ಅಂಗಡಿಗೆ ಬಂದಿದೆ, 399 ಡಾಲರ್' ಅಂದುಬಿಟ್ಟಿತು. ಮಾಲು ಸಿಕ್ಕಿದ್ದು ಕೆಲವು ಅಂಗಡಿಗಳಿಗೆ ಮಾತ್ರ. ಉಳಿದವರು ಉರಿದುಬಿದ್ದರು. ಅದೇ ದಿನ ಸೋನಿ ತನ್ನ ಮೊದಲ ಪ್ಲೇಸ್ಟೇಷನ್‌ಗೆ ಹೇಳಿದ ಬೆಲೆ 299. ಅಂಗಡಿಯವನನ್ನೇ ಎದುರು ಹಾಕಿಕೊಂಡ ಮೇಲೆ ಎಷ್ಟು ಒಳ್ಳೆ ಜಾಹೀರಾತು ಮಾಡಿದರೇನು?

2001ರ ಜನವರಿಯಲ್ಲಿ ಸೆಗಾ ಕನ್ಸೋಲ್ ಸಹವಾಸವೇ ಬೇಡ ಅಂತ ಘೋಷಿಸಿತು. ಆಗಿನ ಅಧ್ಯಕ್ಷ ಇಸಾವೊ ಒಕಾವಾ ಕಂಪನಿ ಉಳಿಸೋಕೆ ತಮ್ಮ ಸ್ವಂತ ಆಸ್ತಿಯನ್ನೇ ಕೊಟ್ಟರು. ಕೆಲವೇ ವಾರಗಳಲ್ಲಿ ತೀರಿಕೊಂಡರು.

ಇದನ್ನು ಹೇಳಿದರೆ ಇಬ್ಬರಿಗೂ ಗೊತ್ತೇ ಇರಲಿಲ್ಲ. ಡಿವಿಡಿ ವಾದವೇ ಮುಂದುವರಿಯಿತು.