ಗೌರಿಗೆ ಹತ್ತು ತಿಂಗಳು

ಟೆಕ್ಸಸ್‌ನ ನಮ್ಮ ಮನೆಯ ಲಾಯದಲ್ಲಿ, 34 ಅಂಗುಲವೂ ಎತ್ತರವಿಲ್ಲದ ಮಿನಿಯೇಚರ್ ಕುದುರೆ ಗೌರಿಗೆ ಈಗ ಗಬ್ಬದ ಹತ್ತು ತಿಂಗಳು ತುಂಬಿದೆ. ಈ ತಳಿಯ ಗಬ್ಬದ ಕುದುರೆ ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬು ಏರಿ ಜೀವಕ್ಕೇ ಅಪಾಯವಾಗಬಹುದಾದ್ದರಿಂದ, ಗೋದಲಿಯಲ್ಲಿ ಉಳಿದ ಹುಲ್ಲನ್ನು ದಿನವೂ ತೂಗಿ ನೋಡುತ್ತೇನೆ. ಶಿಲೀಂಧ್ರವಿರುವ ಫೆಸ್ಕ್ಯೂ ಹುಲ್ಲು ಹಾಲನ್ನೇ ಬತ್ತಿಸುತ್ತದೆಂದು ಅದನ್ನು ಎಂದೋ ನಿಲ್ಲಿಸಿದ್ದೇವೆ. ಹೆರಿಗೆ ಹತ್ತಿರವಾದ ಸೂಚನೆಯಾಗಿ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂತಹ ಹನಿ ಮೂಡಿದೆಯೇ ಎಂದು ನಡುರಾತ್ರಿ ಟಾರ್ಚ್ ಹಿಡಿದು ಬಗ್ಗುವಾಗ, ಊರಿನಲ್ಲಿ ಲಾಂದ್ರ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದ ಅಜ್ಜಿ ಕಣ್ಮುಂದೆ ಬರುತ್ತಾರೆ.

ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು. ಪುಟ್ಟದೆಂದು ಮುದ್ದಿಸಿಯೇ ಬಿಟ್ಟರೆ ಕಚ್ಚುವ, ಒದೆಯುವ ಚಾಳಿ ಬೆಳೆಯುತ್ತದೆಂಬುದನ್ನು ಕಂಡಿರುವ ನಾನು, ಮೊದಲ ವಾರಗಳಿಂದಲೇ ತಲೆಗೆ ಮೆತ್ತನೆಯ ಹಾಲ್ಟರ್ (ಹಿಡಿದು ನಡೆಸುವ ಪಟ್ಟಿ) ತೊಡಿಸಿ, ಒಂದೊಂದೇ ಗೊರಸನ್ನು ಎತ್ತಿ ಇಳಿಸುವುದನ್ನು ಅದಕ್ಕೆ ತಾಳ್ಮೆಯಿಂದ ರೂಢಿ ಮಾಡಿಸಲಿದ್ದೇನೆ.