ಬಿಚ್ಚೋಕ್ ಮುಂಚೆ

“ಉಸಿರಾಡ್ತಾ ಇದೆಯೇನಪ್ಪಾ ಅದು?”

ಈ ವಾರ ತಲೆಯಿಂದ ಇಳಿಯದ ಪ್ರಶ್ನೆ ಇದು. ಕೇಳಿದವರು ಕೆಲಸ ಬಿಟ್ಟು ಮನೆಯಲ್ಲಿರುವ ಹಳೇ ಮೇಸ್ತ್ರಿ. ಕೇಳಿಸಿಕೊಂಡವನು ಟ್ರ್ಯಾಕ್ಟರಿನಡಿ ಅಂಗಾತ ಮಲಗಿದ್ದ ಮೆಕ್ಯಾನಿಕ್ ಹುಡುಗ. ತಲೆ ಹೊರಗೆ ಹಾಕಿ, ಅಜ್ಜನಿಗೆ ಅರಳುಮರಳು ಎಂಬಂತೆ ನನ್ನ ಮುಖ ನೋಡಿದ.

ನನಗಿಂತ ವಯಸ್ಸಾದ ಡೀಸೆಲ್ ಟ್ರ್ಯಾಕ್ಟರು. ಕ್ಲಚ್ಚನ್ನು ಮುಚ್ಚಿರುವ ಹೌಸಿಂಗಿನ ತಳದಲ್ಲೊಂದು ತೂತು, ಅದರಲ್ಲಿ ಸಡಿಲವಾಗಿ ಅಲ್ಲಾಡುವ ಸ್ಪ್ಲಿಟ್ ಪಿನ್ನು. ಎಣ್ಣೆ ತಡೆಯುವ ಸೀಲ್ ಸೋರಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತದೆ ಕೆಳಗೆ ಬೀಳಲಿ ಅಂತ ತೂತು. ತೂತು ಕೊಳೆ ಕಟ್ಟದಿರಲಿ ಅಂತ ಪಿನ್ನು. ಅಲ್ಲಿಂದಲೇ ತೊಟ್ಟಿಕ್ಕುತ್ತಿತ್ತು. “ಹಳೇ ಗಾಡಿ ಅಂದ್ಮೇಲೆ ಸೋರ್ಲೇಬೇಕು” ಎನ್ನುವವರಿಗೇನೂ ಕಮ್ಮಿಯಿಲ್ಲ. ಆ ಮಾತು ಕೇಳಿದರೆ ನನಗೆ ರೇಗುತ್ತದೆ. ಅದು ಅನುಭವದ ಮಾತಲ್ಲ, ಬಗ್ಗಿ ನೋಡಲಾರದ ಸೋಮಾರಿತನ.

ಹುಡುಗ ಬಗ್ಗಿ ನೋಡಿದ, ಅದನ್ನು ಮೆಚ್ಚಬೇಕು. ಬೆರಳಲ್ಲಿ ಉಜ್ಜಿದ, ಮೂಸಿದ. ಕಪ್ಪಗೆ, ತೆಳ್ಳಗಿದೆ, ಗೇರ್ ಆಯಿಲಿನ ಗಂಧಕದ ವಾಸನೆ ಇಲ್ಲ. ಹಾಗಾದರೆ ಎಂಜಿನ್ನಿನದೇ. ಅಲ್ಲಿವರೆಗೆ ಲೆಕ್ಕ ಸರಿ. ಮರುಕ್ಷಣವೇ ತೀರ್ಪು: “ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಸಾರ್, ಗಾಡೀನ ಎರಡು ಭಾಗ ಮಾಡ್ಬೇಕು.” ಇಂಥ ಟ್ರ್ಯಾಕ್ಟರಿಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಮೈಕಟ್ಟು. ಆ ಸೀಲ್ ಮುಟ್ಟಬೇಕಾದರೆ ನಡು ಬಿಡಿಸಿ, ಕ್ಲಚ್ ತೆಗೆದು, ಫ್ಲೈವೀಲ್ ಇಳಿಸಬೇಕು. ಹುಡುಗನ ಕಣ್ಣಲ್ಲಿ ಆಗಲೇ ಜ್ಯಾಕ್ ಏರಿತ್ತು.

ಆಗ ಬಂತು ಆ ಪ್ರಶ್ನೆ.

ಮೇಸ್ತ್ರಿ ಹೆಚ್ಚು ಮಾತಾಡಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ತುಂಬುವ ಬಾಯಿಯ ಮುಚ್ಚಳ ತೆಗೆಸಿದರು. ಒಳಗೆ ಸಿಕ್ಕಿಕೊಂಡಿದ್ದ ಹೊಗೆ ಬುಸ್ಸೆಂದು ಬಂತು. ಸ್ವಲ್ಪ ಹೊತ್ತಿಗೆ ಕೆಳಗಿನ ತೊಟ್ಟು ನಿಧಾನವಾಯಿತು. ಎಂಜಿನ್ನಿನೊಳಗಿನ ಗ್ಯಾಸು ಹೊರಬಿಡುವ ಕೊಳವೆ ಬ್ರೀದರ್, ಅದನ್ನು ಬಿಚ್ಚಿದರೆ ಒಳಗಿನ ತಂತಿಬಲೆಯ ತುಂಬ ಡಾಂಬರಿನಂಥ ಗಸಿ, ಕಡ್ಡಿ ಆಡಿಸಲೂ ಸಂದಿಯಿಲ್ಲ. ಪಿಸ್ಟನ್ ರಿಂಗುಗಳ ಪಕ್ಕದಿಂದ ಒಂದಿಷ್ಟು ಗ್ಯಾಸು ಕೆಳಗೆ ನುಗ್ಗುವುದು ಎಲ್ಲ ಎಂಜಿನ್ನಿಗೂ ಇದ್ದದ್ದೇ, ಹಳೇದರಲ್ಲಿ ಜಾಸ್ತಿ. ಹೊರಹೋಗುವ ದಾರಿ ಕಟ್ಟಿದರೆ ಆ ಒತ್ತಡ ಎಣ್ಣೆಯನ್ನು ಸಿಕ್ಕ ಸಿಕ್ಕ ಸೀಲು, ಗ್ಯಾಸ್ಕೆಟ್ಟಿನ ಸಂದಿಗೆ ತಳ್ಳುತ್ತದೆ.

ಬಲೆ ಡೀಸೆಲ್ಲಿನಲ್ಲಿ ನೆನೆದು ಶುಚಿಯಾಯಿತು. ಆಮೇಲೆ ಇಡೀ ಎಂಜಿನ್ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಓಡಿಸಿದೆವು. ಬಿಳಿ ಮೈಮೇಲೆ ಕಪ್ಪು ಗೆರೆಯೊಂದು ನಿಧಾನವಾಗಿ ಮೂಡಿತು: ಎಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಹೊರಟು, ಬ್ಲಾಕಿನ ಬೆನ್ನಿಗಿಳಿದು, ಹೌಸಿಂಗಿನ ಸಂದಿಯೊಳಗೆ ಮಾಯ. ಹುಡುಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಮೇಸ್ತ್ರಿ ‘ನೋಡಿದ್ಯಾ’ ಅನ್ನಲಿಲ್ಲ, ಅದೇ ಅವರ ದೊಡ್ಡತನ. ಯಾರೋ ಹಿಂದೆ ಸೋರುತ್ತದೆಂದು ಕವರಿನ ನಟ್ಟು ಬಿಗಿದೂ ಬಿಗಿದೂ ತಗಡಿನ ಅಂಚನ್ನೇ ಬಗ್ಗಿಸಿಬಿಟ್ಟಿದ್ದರು. ಅಂಚು ತಟ್ಟಿ ಸಮ ಮಾಡಿ, ಹೊಸ ಕಾರ್ಕ್ ಗ್ಯಾಸ್ಕೆಟ್ ಕೂರಿಸಿ, ಹದವಾಗಿ ಬಿಗಿದದ್ದಾಯಿತು.

ಹುಡುಗ ಹೇಳಿದ್ದು ಸುಳ್ಳೆಂದಲ್ಲ. ಆ ಸೀಲ್ ಒಂದಲ್ಲ ಒಂದು ದಿನ ಹೋಗುತ್ತದೆ, ಆಗ ನಡು ಬಿಡಿಸಲೇಬೇಕು. ನನಗೆ ಕಾಡಿದ್ದು ಬೇರೆ. ದೊಡ್ಡ ರಿಪೇರಿಗೆ ಒಂದು ಗತ್ತಿದೆ. ಮಾಡಿದವನೂ ಹೇಳಿಕೊಳ್ಳಬಹುದು, ಮಾಡಿಸಿದವನೂ ನಾಲ್ಕು ಜನರೆದುರು ನಿಟ್ಟುಸಿರು ಬಿಡಬಹುದು. ಬಲೆ ತೊಳೆದೆ ಅಂದರೆ ಕೇಳುವವರ್ಯಾರು? ಮನೆಯ ಜಗಳವಿರಲಿ, ಕಚೇರಿಯ ತಕರಾರಿರಲಿ, ಹನಿ ಬಿದ್ದ ಜಾಗದಲ್ಲಿ ನಿಂತವನ ಕೊರಳಪಟ್ಟಿ ಹಿಡಿಯುತ್ತೇವೆ. ಒತ್ತಡ ಹೊರಗೆ ಹೋಗಲು ದಾರಿ ಇತ್ತೇ ಅಂತ ಕೇಳುವ ವ್ಯವಧಾನ ಎಷ್ಟು ಜನಕ್ಕಿದೆ? ಮೇಸ್ತ್ರಿಗಿತ್ತು, ಅವರಿಗೆ ಅದರಿಂದ ಸಿಗುವುದೇನೂ ಇರಲಿಲ್ಲವಲ್ಲ, ಅದಕ್ಕೂ ಇರಬಹುದು.

ಕ್ಲಚ್ಚಿನಡಿ ಈಗ ಅಪರೂಪಕ್ಕೊಂದು ಹನಿ. ಎಡಗಡೆ ಹಿಂದಿನ ಚಕ್ರದ ಒಳಬದಿ ಮಾತ್ರ ಒದ್ದೆಯಾಗಿದೆ. ಬ್ರೇಕಿಗೆ ಎಣ್ಣೆ ಹತ್ತಿದರೆ ಕಷ್ಟ, ಅದನ್ನು ಮುಂದೂಡುವಂತಿಲ್ಲ. ಆ್ಯಕ್ಸಲ್ ಸೀಲ್ ಹೋಗಿದೆ ಅಂತ ಹುಡುಗ ಈ ಸಲ ಹೇಳಲಿಲ್ಲ. ಗೇರ್ ಆಯಿಲ್ ಮಟ್ಟ ಜಾಸ್ತಿ ಆಗಿದೆಯಾ ಅಂತ ಮೊದಲು ಕಡ್ಡಿ ಎಳೆದು ನೋಡಿದ.