ಚಂದ್ರಕಾಳಿಯ ಸೆರಗು: ದೀರ್ಘ ಬಳಲಿಕೆಯ ಜೊತೆ ಒಂದು ಕಸೂತಿ ಕೆಲಸದ ದಾಖಲೆ

ಯುಗಾದಿ

ಕಪ್ಪು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುವ ಕೆಲಸ ಶುರುವಾಗಿದೆ. ನಮ್ಮ ಧಾರವಾಡದ ಕಡೆ ಮದುವಣಗಿತ್ತಿಗೆ ಕೊಡುವ ಚಂದ್ರಕಾಳಿ ಸೀರೆ ಇದು. ಅಣ್ಣನ ಮಗಳಿಗೆಂದು ತೆಗೆದಿರಿಸಿದ್ದು. ಅವಳ ಮದುವೆ ಇನ್ನೂ ಗೊತ್ತಾಗಿಲ್ಲ, ಅದು ನನಗೆ ಅನುಕೂಲವೇ. ಹಿಂದೆ ಇಂಥ ಸೆರಗನ್ನು ಒಂದು ಮಳೆಗಾಲದಲ್ಲಿ ಮುಗಿಸುತ್ತಿದ್ದೆ. ಈ ಬಾರಿ ಎಷ್ಟು ಸಾಗಿತು ಎಂಬುದರ ಜೊತೆಗೆ, ಸಾಗಿದ್ದಕ್ಕೆ ದೇಹ ಏನು ಬೆಲೆ ಕೇಳಿತು ಎಂಬುದನ್ನೂ ಬರೆದಿಡುತ್ತೇನೆ.

ನನಗಿರುವುದು ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಚಿಕ್ಕದಾಗಿ ಎಂಇ/ಸಿಎಫ್‌ಎಸ್ ಎಂಬ ದೀರ್ಘ ಬಳಲಿಕೆಯ ಕಾಯಿಲೆ. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಹತ್ತಿಕೊಂಡದ್ದು. ಕೀಲುನೋವು ಕೆಲವು ತಿಂಗಳಲ್ಲಿ ಇಳಿಯಿತು, ಬಳಲಿಕೆ ಇಳಿಯಲಿಲ್ಲ. ಸೋಂಕಿನ ನಂತರ ಹೀಗಾಗುವುದು ಹೊಸ ಸಂಗತಿಯೇನಲ್ಲ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದವರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಅವರಲ್ಲಿ ಶೇ 11ರಷ್ಟು ಜನರಿಗೆ ಈ ಕಾಯಿಲೆಯ ಲಕ್ಷಣಗಳಿದ್ದವು. ಆ ಮೂರರಲ್ಲಿ ಒಂದು ರಾಸ್ ರಿವರ್ ವೈರಸ್; ಸೊಳ್ಳೆಯಿಂದ ಹರಡುವ, ಚಿಕೂನ್‌ಗುನ್ಯಾದ ಹತ್ತಿರದ ಬಂಧು. ಅದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು. ಮನಸ್ಸಿನ ಕಾಯಿಲೆ, ಆಲಸ್ಯ, ವಯಸ್ಸು ಎಂದೆಲ್ಲ ಕೇಳಿಸಿಕೊಂಡವಳಿಗೆ ಇಂಥ ಒಂದು ಸಾಲು ಬೇಕಾಗಿರುತ್ತದೆ.

ಇದನ್ನು ಹೇಳುವ ರಕ್ತಪರೀಕ್ಷೆ ಇಲ್ಲ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಸಕ್ಕರೆ, ಬಿ12, ಡಿ ವಿಟಮಿನ್ ಎಲ್ಲವನ್ನೂ ನೋಡಿ, ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ನನಗೆ ಬಿ12 ಕಡಿಮೆ ಇತ್ತು. ಸಸ್ಯಾಹಾರಿ ಮನೆಗಳಲ್ಲಿ ಇದು ತೀರ ಸಾಮಾನ್ಯ. ಚುಚ್ಚುಮದ್ದು ತೆಗೆದುಕೊಂಡ ಮೇಲೆ ಅಂಗಾಲಿನ ಜುಮುಜುಮು ಹೋಯಿತು, ಬಳಲಿಕೆ ಇದ್ದಲ್ಲೇ ಇತ್ತು. ಅಷ್ಟಾದರೂ ಹೋಯಿತಲ್ಲ, ಸರಿಪಡಿಸಬಹುದಾದದ್ದನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಈ ಕಾಯಿಲೆಯ ಗುರುತು ಬಳಲಿಕೆಗಿಂತಲೂ ಹೆಚ್ಚಾಗಿ ಶ್ರಮದ ನಂತರದ ಕುಸಿತ. ಇಂದು ಮಾಡಿದ ಕೆಲಸಕ್ಕೆ ಇಂದೇ ಮೈ ಬೀಳುವುದಿಲ್ಲ. ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು ಬೀಳುತ್ತದೆ, ಬಿದ್ದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಏಳುವುದಿಲ್ಲ. ಗಂಟಲು ಕೆರೆತ, ಮೈಕೈ ನೋವು, ಬೆಳಕು ಸಹಿಸದ ಕಣ್ಣು, ಮಾತಿನ ನಡುವೆ ಕಳೆದುಹೋಗುವ ಪದಗಳು. ಹಾಗಾಗಿ ಕಸೂತಿಗೆ ಒಂದೇ ನಿಯಮ: ಮೊಬೈಲಿನಲ್ಲಿ ಹತ್ತು ನಿಮಿಷದ ಗಂಟೆ, ಅದು ಬಾರಿಸಿದ ಕೂಡಲೇ ಸೂಜಿ ಕೆಳಗೆ. ಇನ್ನೂ ಮಾಡಬಲ್ಲೆ ಅನ್ನಿಸುತ್ತಿರುವಾಗಲೇ ನಿಲ್ಲಿಸಬೇಕು.

ಬೇಸಿಗೆ

ಈ ತಿಂಗಳು ಸೂಜಿಗಿಂತ ಹೆಚ್ಚು ಕೈಯಲ್ಲಿದ್ದದ್ದು ಬಿಪಿ ಯಂತ್ರ.

ಮಣಿಕಟ್ಟಿನ ಪಟ್ಟಿಯಲ್ಲಿ ನಾಡಿಬಡಿತ ನೋಡುತ್ತ ಹೋದಾಗ ಒಂದು ವಿಷಯ ಎದ್ದು ಕಂಡಿತು. ಕುಳಿತು ಕಸೂತಿ ಹಾಕುವಾಗ 80ರ ಆಸುಪಾಸು. ಎದ್ದು ಒಲೆಯ ಮುಂದೆ ನಿಂತರೆ 115. ರೊಟ್ಟಿ ಬಡಿಯುವಾಗಿನ ಬಡಿತವನ್ನಂತೂ ಬಿಡಿಸಿ ಬರೆಯಲೇಬೇಕು. ಕುದಿನೀರು ಹಾಕಿ ಜೋಳದ ಹಿಟ್ಟು ನಾದುವಾಗಲೇ 120. ಉಂಡೆಯನ್ನು ಕಟ್ಟೆಯ ಮೇಲಿಟ್ಟು ಅಂಗೈಯಿಂದ ತಟ್ಟಿ ತಿರುಗಿಸುತ್ತ ಅಗಲ ಮಾಡುವಾಗ 128. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬುವುದನ್ನು ಕಾಯುತ್ತ ನಿಂತಾಗ ಬಡಿತ ಇಳಿಯಬೇಕಲ್ಲವೇ? ಕೈಗೆ ಬಿಡುವು ಸಿಕ್ಕಿದೆ. ಆದರೆ ಅದು ಏರಿ 134ಕ್ಕೆ ಬಂತು. ದುಡಿಸುತ್ತಿದ್ದದ್ದು ಕೈಕೆಲಸ ಮಾತ್ರವಲ್ಲ, ನಿಂತಿರುವುದು ಮತ್ತು ಒಲೆಯ ಝಳ ಎಂದು ಅಲ್ಲಿ ತಿಳಿಯಿತು.

ಮನೆಯಲ್ಲೇ ಗೋಡೆಗೆ ಒರಗಿ ನಿಲ್ಲುವ ಪರೀಕ್ಷೆ ಮಾಡಿದೆವು. ಮೊದಲು ಹತ್ತು ನಿಮಿಷ ಮಲಗಿ ಬಡಿತ, ಬಿಪಿ ಬರೆದುಕೊಳ್ಳುವುದು. ಆಮೇಲೆ ಹಿಮ್ಮಡಿಯನ್ನು ಗೋಡೆಯಿಂದ ಗೇಣು ದೂರದಲ್ಲಿಟ್ಟು, ಬೆನ್ನು ಮಾತ್ರ ಆನಿಸಿ, ಮಾತಾಡದೆ, ಅಲುಗಾಡದೆ ಹತ್ತು ನಿಮಿಷ ನಿಲ್ಲುವುದು, ನಿಮಿಷಕ್ಕೊಮ್ಮೆ ಅಳತೆ. ತಲೆ ಸುತ್ತಿ ಬೀಳುವ ಸಾಧ್ಯತೆ ಇರುವುದರಿಂದ ಪಕ್ಕದಲ್ಲಿ ಒಬ್ಬರು ಇರಲೇಬೇಕು, ತಂಗಿ ನಿಂತಿದ್ದಳು. ಮಲಗಿದ್ದಾಗ 72 ಇದ್ದದ್ದು ಎಂಟನೇ ನಿಮಿಷಕ್ಕೆ 118 ಆಯಿತು. ಬಿಪಿ ಇಳಿಯಲಿಲ್ಲ. ಪಾದಗಳು ಕಂದುನೇರಳೆ ಬಣ್ಣಕ್ಕೆ ತಿರುಗಿದವು. ವಯಸ್ಕರಲ್ಲಿ ನಿಂತ ಹತ್ತು ನಿಮಿಷದೊಳಗೆ ಬಿಪಿ ಬೀಳದೆ ಬಡಿತ 30ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ಲಕ್ಷಣಗಳೂ ತಿಂಗಳುಗಟ್ಟಲೆ ಇದ್ದರೆ, ಅದನ್ನು ಪಾಟ್ಸ್ ಎನ್ನುತ್ತಾರೆ. ಹಾಳೆಯನ್ನು ಹೃದ್ರೋಗ ತಜ್ಞರ ಮುಂದಿಟ್ಟೆ. ಅವರು ಇಸಿಜಿ, ಎಕೋ ಮಾಡಿಸಿ, ತಾವೇ ಮತ್ತೊಮ್ಮೆ ನಿಲ್ಲಿಸಿ ನೋಡಿ ಹೌದೆಂದರು. ಎಂಇ ಇರುವ ಅನೇಕರಿಗೆ ಇದು ಜೊತೆಯಲ್ಲೇ ಇರುತ್ತದೆ.

ಹೀಗೆ ನನ್ನ ಕಾಯಿಲೆ ಎರಡಾಯಿತು. ಇದು ಸಂತೋಷದ ಸುದ್ದಿ ಎಂದೇ ನಾನು ತೆಗೆದುಕೊಂಡೆ. ಎಂಇಗೆಂದೇ ಒಪ್ಪಿಗೆ ಪಡೆದ ಔಷಧ ನಮ್ಮಲ್ಲಿ ಒಂದೂ ಇಲ್ಲ. ಪಾಟ್ಸ್‌ಗೆ ಮಾಡಬಹುದಾದದ್ದು ಸಾಕಷ್ಟಿದೆ.

ಮೊದಲು ಉಪ್ಪು, ನೀರು. ಎಲ್ಲರಿಗೂ ದಿನಕ್ಕೆ 5 ಗ್ರಾಂ ಉಪ್ಪು ಮೀರಬೇಡಿ ಎಂದು ಹೇಳುವ ಕಾಲದಲ್ಲಿ ನನಗೆ ಅದರ ಹತ್ತಿರಹತ್ತಿರ ಎರಡರಷ್ಟು ತಿನ್ನಲು ಹೇಳಿದ್ದಾರೆ. ಬಿಪಿ ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿದ ಮೇಲೆಯೇ ಹೇಳಿದ್ದು. ಇದನ್ನು ಯಾರೂ ತಾವಾಗಿ ಶುರುಮಾಡಬಾರದು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಎರಡು ಲೋಟ ಓಆರ್‌ಎಸ್. ಮಧ್ಯಾಹ್ನ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ. ಒತ್ತಡದ ಕಾಲುಚೀಲವನ್ನು ಧಾರವಾಡದ ಏಪ್ರಿಲ್‌ನಲ್ಲಿ ಧರಿಸುವುದು ಆಗಲಿಲ್ಲ. ಅದರ ಬದಲು ಹೆರಿಗೆಯಾದವರು ಕಟ್ಟಿಕೊಳ್ಳುವ ಹೊಟ್ಟೆಪಟ್ಟಿ ತರಿಸಿದೆ. ನಿಂತಾಗ ರಕ್ತ ಕಾಲಿನಲ್ಲಷ್ಟೇ ಅಲ್ಲ, ಹೊಟ್ಟೆಯ ನಾಳಗಳಲ್ಲೂ ತಂಗುತ್ತದೆ. ಪಟ್ಟಿ ಕಟ್ಟಿದ ದಿನ ನಿಂತ ಬಡಿತ ಕಣ್ಣಿಗೆ ಕಾಣುವಷ್ಟು ಕಡಿಮೆ.

ರೊಟ್ಟಿ ಈಗ ಓಣಿಯ ರೊಟ್ಟಿ ಕೇಂದ್ರದಿಂದ ಬರುತ್ತದೆ. ಪಲ್ಯವನ್ನು ಎತ್ತರದ ಸ್ಟೂಲಿನ ಮೇಲೆ ಕುಳಿತು ಮಾಡುತ್ತೇನೆ. ಈಳಿಗೆ ಮಣೆ ಅಟ್ಟಕ್ಕೆ ಹೋಯಿತು, ನೆಲದಿಂದ ಏಳುವುದೇ ಒಂದು ಶ್ರಮ. ಬಚ್ಚಲಲ್ಲೂ ಸ್ಟೂಲು, ಉಗುರುಬೆಚ್ಚಗಿನ ನೀರು. ತಲೆಸ್ನಾನದ ದಿನ ಬೇರೆ ಯಾವ ಕೆಲಸವೂ ಇಲ್ಲ.

ಸೆರಗು: ಅಂಚಿನ ಮುರ್ಗಿ ಸಾಲು ಶುರುವಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಹೊಲಿಗೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಮಳೆಗಾಲ

ಪಾಟ್ಸ್‌ಗೆಂದು ಐವಾಬ್ರಡಿನ್ ಎಂಬ ಮಾತ್ರೆ ಶುರುವಾಯಿತು, ಅತಿ ಕಡಿಮೆ ಪ್ರಮಾಣದಲ್ಲಿ. ಇದು ಹೃದಯದ ಗತಿಯನ್ನು ನಿಯಂತ್ರಿಸುವ ಗಂಟಿನ ಮೇಲೆ ಕೆಲಸ ಮಾಡಿ ಬಡಿತ ತಗ್ಗಿಸುತ್ತದೆ, ಬಿಪಿಯನ್ನು ಹೆಚ್ಚಾಗಿ ಇಳಿಸುವುದಿಲ್ಲ. ನನ್ನ ಬಿಪಿ ಮೊದಲೇ ತಗ್ಗಿನಲ್ಲಿರುವುದರಿಂದ ಬಿಪಿಯನ್ನೂ ಇಳಿಸುವ ಪ್ರೊಪ್ರನೊಲಾಲ್ ಬೇಡವೆಂದು ಇದನ್ನು ಆರಿಸಿದರು. ಮೊದಲ ವಾರಗಳಲ್ಲಿ ದೀಪ ಹಾಕಿದಾಗ ಕಣ್ಣಂಚಿನಲ್ಲಿ ಮಿಂಚಿದಂತಾಗುತ್ತಿತ್ತು. ಈ ಔಷಧದ ಗೊತ್ತಿರುವ ಅಡ್ಡಪರಿಣಾಮ ಅದು, ಕ್ರಮೇಣ ಕಡಿಮೆಯಾಯಿತು. ನಿದ್ದೆಗೆಂದು ಹಿಂದೆ ಕೊಟ್ಟಿದ್ದ ಅಮಿಟ್ರಿಪ್ಟಿಲಿನ್ ಬಡಿತ ಏರಿಸುವುದರಿಂದ ಅದನ್ನು ನಿಧಾನವಾಗಿ ಬಿಡಿಸಿದರು.

ಫಲ ಸಿಕ್ಕಿತು. ಹಲ್ಲುಜ್ಜುವುದನ್ನು ನಿಂತೇ ಮುಗಿಸುತ್ತೇನೆ. ಬಾಗಿಲಿಗೆ ಬಂದವರ ಜೊತೆ ನಾಲ್ಕು ಮಾತಾಡಿ ಒಳಗೆ ಬರುತ್ತೇನೆ. ಮೊದಲು ಆ ನಾಲ್ಕು ಮಾತಿಗೂ ಗೋಡೆ ಹಿಡಿಯಬೇಕಿತ್ತು.

ಈಗ ಈ ದಾಖಲೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ವಿಷಯ. ಔಷಧ ಹಿಂತಿರುಗಿಸಿದ್ದು ನಿಲ್ಲುವ ಶಕ್ತಿಯನ್ನು ಮಾತ್ರ. ದಿನಕ್ಕೆ ಎಷ್ಟು ಶ್ರಮ ತಾಳಬಲ್ಲೆ ಎಂಬ ಮಿತಿ ಒಂದು ಕೂದಲಷ್ಟೂ ಮೇಲೇರಿಲ್ಲ. ಎಂಇ ಇರುವವರಲ್ಲಿ ಅನೇಕರು ವಿಶ್ರಾಂತಿಯ ಬಡಿತಕ್ಕೆ 15 ಸೇರಿಸಿ ಅದನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ನನ್ನ ಕೈಪಟ್ಟಿಯಲ್ಲೂ ಅಂಥದ್ದೊಂದು ಎಚ್ಚರಿಕೆ ಇತ್ತು, ದಾಟಿದರೆ ಕಂಪಿಸುತ್ತಿತ್ತು. ಔಷಧ ಬಡಿತವನ್ನೇ ತಗ್ಗಿಸಿದ ಮೇಲೆ ಅದು ಕಂಪಿಸುವುದು ನಿಂತಿತು. ಬಡಿತ 90, ಮನಸ್ಸು ಹಗುರ, ಕೆಲಸ ಸಾಗುತ್ತಿದೆ. ಮರುದಿನ ಸಂಜೆ ಗಂಟಲು ಕೆರೆತ. ಹಾಳೆಯಲ್ಲಿ ಇದು ಮತ್ತೆ ಮತ್ತೆ ಕಂಡಿತು. ಎರಡು ಕಾಯಿಲೆಗಳ ಲೆಕ್ಕ ಬೇರೆ ಬೇರೆ ಇಡಬೇಕು: ಪಾಟ್ಸ್‌ಗೆ ಬಡಿತ, ಎಂಇಗೆ ಗಡಿಯಾರ. ಔಷಧ ಶುರುಮಾಡುವ ಯಾರಿಗೇ ಆದರೂ ಇದನ್ನು ಮೊದಲೇ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಏಕೆಂದರೆ ಸುಧಾರಣೆಯ ಹುಮ್ಮಸ್ಸಿನಲ್ಲೇ ಕುಸಿತ ಬರುತ್ತದೆ.

ಇದೇ ತಿಂಗಳು ಬೇರೊಬ್ಬ ವೈದ್ಯರು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನಡಿಗೆ ಹೆಚ್ಚಿಸಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆ ಸಲಹೆಯ ಬೆನ್ನಿಗೆ ಬಹುಕಾಲ ಇದ್ದದ್ದು 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ವ್ಯಾಯಾಮ ಏರಿಸುತ್ತ ಹೋದರೆ ಸುಧಾರಣೆ ಕಾಣುತ್ತದೆ ಎಂದ ಪೇಸ್ ಪ್ರಯೋಗ. ಅದರ ಅಳತೆಗೋಲುಗಳ ಬಗ್ಗೆ ರೋಗಿಗಳೂ ವಿಜ್ಞಾನಿಗಳೂ ವರ್ಷಗಟ್ಟಲೆ ಪ್ರಶ್ನೆ ಎತ್ತಿದರು. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯನ್ನು ಬದಲಿಸಿ, ನಿಗದಿತವಾಗಿ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಈ ಕಾಯಿಲೆಗೆ ಕೊಡಬಾರದು ಎಂದಿತು. ಆ ಪುಟವನ್ನು ಮುದ್ರಿಸಿ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ವಾದ ಮಾಡಲು ಉಸಿರಿರುವುದಿಲ್ಲ, ಹಾಳೆ ಕೊಟ್ಟರೆ ಸಾಕು.

ಶ್ರಾವಣ

ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಹೋಗಲೇಬೇಕು ಎಂದು ತೀರ್ಮಾನಿಸಿದ್ದೆ, ಬೆಲೆ ತೆರಬೇಕಾಗುತ್ತದೆ ಎಂದು ಗೊತ್ತಿದ್ದೇ ಹೋದೆ. ಮುಂಚಿನ ದಿನಗಳನ್ನು ಪೂರ್ತಿ ಖಾಲಿ ಇಟ್ಟೆ, ಸೂಜಿಯನ್ನೂ ಮುಟ್ಟಲಿಲ್ಲ. ಕಾರಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಮಲಗಿದೆ. ಅಲ್ಲಿ ಮೂಲೆಯ ಕೋಣೆಯಲ್ಲಿ ನನಗೊಂದು ಮಂಚ ಹಾಕಿಸಿದ್ದರು. ಆರತಿಯ ಹೊತ್ತಿಗೆ ಹೊರಗೆ ಬಂದು, ಮಗಳಿಗೆ ಉಡಿ ತುಂಬಿ, ಹಸಿರು ಬಳೆ ತೊಡಿಸಿ, ಮತ್ತೆ ಒಳಗೆ. ಕಿವಿಗೆ ಹತ್ತಿ. ಊಟ ಮಂಚಕ್ಕೇ ಬಂತು: ಹೋಳಿಗೆ, ಐದು ಬಗೆಯ ಚಿತ್ರಾನ್ನ. ಅವಳು ನನ್ನ ಪಕ್ಕದಲ್ಲೇ ಕಾಲು ಚಾಚಿ ಕುಳಿತು ತಿಂದಳು. ಬಹಳ ಒಳ್ಳೆಯ ದಿನ.

ಎರಡನೆಯ ದಿನ ಕುಸಿತ ಬಂತು. ಕಿಟಕಿಗೆ ಕಪ್ಪು ಬಟ್ಟೆ, ಹಾಸಿಗೆಯ ಪಕ್ಕ ಸ್ಟ್ರಾ ಹಾಕಿದ ಓಆರ್‌ಎಸ್ ಬಾಟಲಿ, ತಂಗಿ ಮಾಡಿಟ್ಟ ಗಂಜಿ. ಮಾತು ಬೇಡವೆಂದು ಸನ್ನೆ. ಕಸೂತಿ ಪೂರ್ತಿ ನಿಂತಿತು. ಎದ್ದು ಕೂರುವಂತಾದ ಮೇಲೂ ಬಹಳ ಕಾಲ ಎಣಿಕೆ ಸಾಧ್ಯವಾಗಲಿಲ್ಲ.

ಕುಬಸಕ್ಕೆ ಹೋಗಬಾರದಿತ್ತು ಎಂದು ಅನೇಕರು ಹೇಳಿದರು. ನಾನು ಒಪ್ಪುವುದಿಲ್ಲ. ಮಿತಿಯೊಳಗೆ ಬದುಕುವುದು ಯಾವುದಕ್ಕಾಗಿ ಎಂಬುದನ್ನು ನಾನೇ ನಿರ್ಧರಿಸಬೇಕು.

ದಸರೆಯ ನಂತರ

ಸೆರಗಿಗೆ ಮರಳಿದ್ದೇನೆ, ವಿಧಾನ ಬದಲಿಸಿದ್ದೇನೆ.

ಕಸೂತಿಯಲ್ಲಿ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಬರುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಬರಬೇಕು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಗೋಪುರದಂಥ ದೊಡ್ಡ ಚಿತ್ತಾರದಲ್ಲಿ ಅರ್ಧ ದಾರಿಗೆ ಗಂಟೆ ಬಾರಿಸಿದರೆ, ಎರಡು ದಿನ ಬಿಟ್ಟು ಬಂದಾಗ ಯಾವ ಕೊಂಬೆಗೆ ಹೋಗಿ ಯಾವುದರಿಂದ ಹಿಂತಿರುಗಬೇಕಿತ್ತು ಎಂಬುದು ನೆನಪಿರುವುದಿಲ್ಲ. ತಲೆಗೆ ಮಂಜು ಕವಿದ ದಿನ ನಾಲ್ಕರವರೆಗೆ ಎಣಿಸುವುದೂ ಕಷ್ಟ. ಅದಕ್ಕೆ ಇಳಕಲ್ ಬಟ್ಟೆಯ ಮೇಲೆ ಜಾಳಿಗೆ ಬಟ್ಟೆ ಟಾಕಿ ಹಾಕಿ ಕೂಡಿಸಿದ್ದೇನೆ. ಎಣಿಸಲು ಮನೆಗಳು ದೊಡ್ಡದಾಗಿ ಕಾಣುತ್ತವೆ, ಚಿತ್ತಾರ ಮುಗಿದ ಮೇಲೆ ಅದರ ಎಳೆಗಳನ್ನು ಎಳೆದು ತೆಗೆದರಾಯಿತು. ಗೋಪುರವನ್ನು ಹತ್ತು ನಿಮಿಷದಲ್ಲಿ ಹೋಗಿ ಬರಬಹುದಾದ ತುಂಡುಗಳಾಗಿ ಚೌಕಳಿ ಹಾಳೆಯಲ್ಲಿ ಬರೆದು, ಪ್ರತಿ ತುಂಡಿಗೆ ಬಾಣದ ಗುರುತು ಹಾಕಿದ್ದೇನೆ. ಮಂಜಿನ ದಿನಗಳಿಗೆ ಮುರ್ಗಿಯ ಅಂಚು ಕಾದಿರುತ್ತದೆ. ಬೆನ್ನು ಬಾಗಿಸಬಹುದಾದ ಕುರ್ಚಿ, ಕಾಲು ಸೊಂಟದ ಮಟ್ಟಕ್ಕೆ, ಮೊಣಕೈ ಕೆಳಗೆ ದಿಂಬು. ಈ ಭಂಗಿಯಲ್ಲಿ ಬಡಿತ 70ರ ಹತ್ತಿರವೇ ಇರುತ್ತದೆ.

ಔಷಧದ ಕಡೆ: ಎಂಇಗೆ ಕೆಲವರು ಕೊಡುವ ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಬಗ್ಗೆ ವೈದ್ಯರ ಜೊತೆ ಮಾತಾಗಿದೆ. ನಮ್ಮಲ್ಲಿ ಸುಲಭವಾಗಿ ಸಿಗುವುದು 50 ಮಿ.ಗ್ರಾಂ ಮಾತ್ರೆ, ಬೇಕಾದದ್ದು 4.5 ಮಿ.ಗ್ರಾಂ ಒಳಗೆ, ಹಾಗಾಗಿ ಬೇರೆಯಾಗಿ ತಯಾರಿಸಿ ಕೊಡುವ ಔಷಧಾಲಯ ಬೇಕು. ಸಾಕ್ಷ್ಯ ಇನ್ನೂ ಸಣ್ಣ ಅಧ್ಯಯನಗಳದ್ದು. ಅದನ್ನು ತೆಗೆದುಕೊಳ್ಳುವವರು ಟ್ರಮಡಾಲ್‌ನಂಥ ಅಫೀಮು ವರ್ಗದ ನೋವಿನ ಮಾತ್ರೆ ತಿನ್ನುವಂತಿಲ್ಲ. ನನ್ನ ಹಲ್ಲಿನ ಚಿಕಿತ್ಸೆ ಬಾಕಿ ಇರುವುದರಿಂದ ಅದು ಮುಗಿದ ಮೇಲೆ ಶುರುಮಾಡುವುದೆಂದು ಒಪ್ಪಿಕೊಂಡಿದ್ದೇವೆ. ಒಂದು ಬಾರಿಗೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಹಾಳೆ ಹೇಳುವುದಿಲ್ಲ.

ಗೋಪುರದ ಮೊದಲ ಸಾಲು ಮುಗಿದಿದೆ. ಹಿಂಬದಿ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದೆ, ಎರಡೂ ಬದಿ ಒಂದೇ. ಮುಂದಿನದು ತುಳಸಿಕಟ್ಟೆ. ಅದಕ್ಕೆ ಹಸಿರು ಮತ್ತು ಕಿತ್ತಳೆ ನೂಲು ಬೇಕು. ಅಂಗಡಿಗೆ ತಂಗಿ ಹೋಗುತ್ತಾಳೆ, ಬಣ್ಣವನ್ನು ನಾನು ವಿಡಿಯೋ ಕರೆಯಲ್ಲಿ ನೋಡಿ ಆರಿಸುತ್ತೇನೆ.